ಕಣ್ಣೀರು ಸುಳಿಯ ಕುದುರೆ

ನನಗೊಂದು ಚಾಳಿಯಿದೆ. ದನವಾಗಲಿ ಕುದುರೆಯಾಗಲಿ ಕಣ್ಣಿಗೆ ಬಿದ್ದರೆ ಮೊದಲು ಅದರ ಸುಳಿ ಹುಡುಕುತ್ತೇನೆ. ಸುಳಿ ಎಂದರೆ ಗೊತ್ತಲ್ಲ, ಮೈಮೇಲಿನ ಕೂದಲು ಒಂದು ಕಡೆ ದುಂಡಗೆ ಸುತ್ತಿಕೊಂಡಿರುತ್ತದಲ್ಲ, ಅದು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಪಾಠ ಮಾಡಿದೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳೆಲ್ಲ ಕಣ್ಣು ಮುಚ್ಚಿ ತಲೆ ಬಗ್ಗಿಸಿದರೆ ನಾನು ಒಂದು ಕಣ್ಣು ತೆರೆದು ಅವರ ನೆತ್ತಿಯ ಸುಳಿ ಎಣಿಸುತ್ತಿದ್ದೆ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬ ಮಾತು ನಿಮ್ಮ ಕಡೆಯೂ ಇದ್ದೀತು. ಹಾಗೆ ನಾನು ಒಬ್ಬನಿಗೆ ತಮಾಷೆಗೆ ಹೇಳಿದ್ದೆ. ಅವನಿಗೀಗ ನಲವತ್ತು ಹತ್ತಿರ. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ, "ಟೀಚರ್, ಎರಡನೇದು ಇರಲಿ, ಮೊದಲನೇದಕ್ಕೇ ಏನಾದರೂ ದಾರಿ ಮಾಡಿ" ಅನ್ನುತ್ತಾನೆ.

ಈ ಚಾಳಿಯಿಂದ ನನಗೆ ಮರ್ಯಾದೆಯೇನೂ ಬಂದಿಲ್ಲ. ಹೋದ ತಿಂಗಳು ನನ್ನ ನಾದಿನಿಯ ಮಗನ ಮದುವೆ ಚಾಮರಾಜನಗರದಲ್ಲೇ ಆಯಿತು. ಮದುಮಗನ ಮೆರವಣಿಗೆಗೆ ಬಿಳಿ ಕುದುರೆ ತರಿಸಿದ್ದರು. ಹೆಂಗಸರೆಲ್ಲ ಮದುಮಗನ ಶೇರ್ವಾನಿ ನೋಡುತ್ತಿದ್ದರೆ ಅವನ ಸೋದರತ್ತೆಯಾದ ನಾನು ಕುದುರೆಯ ಮುಖಕ್ಕೆ ಕಟ್ಟಿದ್ದ ಮಿರಿಮಿರಿ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಅದರ ಕಣ್ಣ ಕೆಳಗೆ ಬೆರಳಾಡಿಸುತ್ತಿದ್ದೆ. ನಾದಿನಿ ದೂರದಿಂದಲೇ ಹಣೆ ಚಚ್ಚಿಕೊಂಡಳು. ಕುದುರೆಯವನು ಮೂವತ್ತರ ಆಸುಪಾಸಿನವನು, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡಿದ್ದ.

"ಏನ್ ನೋಡ್ತಿದ್ದರಿ ಮೇಡಂ?"

"ಸುಳಿ."

ಅವನು ನಕ್ಕ. "ಈಗ್ಯಾರ್ ನೋಡರು ಅದೆಲ್ಲವ? ವಿಡಿಯೋದಲ್ಲಿ ಚೆಂದಾಗ್ ಕಂಡ್ರೆ ಆಯ್ತು. ನಮ್ ತಾತ ಒಬ್ಬ ಅವ್ನೆ ತೆರಕಣಾಂಬಿ ತಾವು. ಅವ್ನೂ ನಿಮ್ಮಂಗೇಯ, ಯಾವ್ ಕುದ್ರೆ ತಂದ್ರೂ ಮೊದ್ಲು ಕಣ್ಣಡಿ ತಡುವ್ತನೆ."

"ಏನು ನಿಮ್ಮ ತಾತನ ಹೆಸರು?"

"ಮಾದಪ್ಪ. ಮುಂಚೆ ಕುದ್ರೆಗಾಡಿ ಒಡೀತಿದ್ದ, ಗುಂಡ್ಲುಪೇಟೆ ಮಾರ್ಕೆಟ್‌ಗೆ."

ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ಮದುವೆಯಲ್ಲಿ ಆಮೇಲೆ ಏನೇನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಬಿರಿಯಾನಿ ಚೆನ್ನಾಗಿತ್ತಂತೆ.

ಮಾದಪ್ಪ ಎಂದರೆ ಯಾರು ಎಂದು ಹೇಳಬೇಕಾದರೆ ಮೊದಲು ನಮ್ಮ ಅಬ್ಬಾನ ವಿಷಯ ಹೇಳಬೇಕು. ಅಬ್ಬಾ ಗುಂಡ್ಲುಪೇಟೆಯಲ್ಲಿ ಜಟಕಾ ಓಡಿಸುತ್ತಿದ್ದರು. ಅದು ಹೊಟ್ಟೆಪಾಡು. ಅವರ ನಿಜವಾದ ಹೆಸರು ಇದ್ದದ್ದು ಸುಳಿ ನೋಡುವುದರಲ್ಲಿ. ಎತ್ತಿನ ಜೋಡಿ ಕೊಳ್ಳುವವರು, ಹಸು ಕೊಳ್ಳುವವರು, "ಸಾಬ್ರೇ, ವಸಿ ಬಂದು ನೋಡ್ಬುಡಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಅಬ್ಬಾ ಪ್ರಾಣಿಯ ಸುತ್ತ ಮೂರು ಸುತ್ತು ಬಂದು, ಹಣೆ, ಕತ್ತು, ಬೆನ್ನು, ಬಾಲದ ಬುಡ ಎಲ್ಲ ತಡವಿ, "ತಗೊಳ್ಳಿ" ಅಥವಾ "ಬೇಡ" ಎನ್ನುತ್ತಿದ್ದರು. ಎರಡೇ ಮಾತು. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಟೀ ಬಿಟ್ಟು. ಮಸೀದಿಯಲ್ಲಿ ಹಜ್ರತ್ತರು, "ಬಾಷಾ ಭಾಯ್, ಒಳ್ಳೇದು ಕೆಟ್ಟದ್ದು ಮಾಡೋನು ಮೇಲಿದ್ದಾನೆ, ಕೂದಲಲ್ಲಿ ಏನಿದೆ?" ಎಂದು ಛೇಡಿಸಿದರೆ, "ಆ ಕೂದಲು ಸುತ್ತಿದವನೂ ಅವನೇ ಅಲ್ವಾ" ಎನ್ನುತ್ತಿದ್ದರು.

ಸುಳಿಗಳಲ್ಲೆಲ್ಲ ಕೆಟ್ಟದ್ದು ಕುದುರೆಯ ಕಣ್ಣ ಕೆಳಗೆ ಇರುವುದು. ಕಣ್ಣೀರು ಜಾರುವ ಜಾಗದಲ್ಲಿ ಇರುತ್ತದೆ. ಕನ್ನಡದವರು ಕಣ್ಣೀರು ಸುಳಿ ಅನ್ನುತ್ತಾರೆ, ನಮ್ಮ ಮನೆಯ ಉರ್ದುವಿನಲ್ಲಿ ಆಂಸುಢಾಲ್. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಹೆಂಗಸು ಉಳಿಯುವುದಿಲ್ಲ ಎಂದು ಮಾತು. ಅದರ ಮರಿ ಹೋದ ಮನೆಗೂ ಅದೇ ಗತಿಯಂತೆ. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಕಲಿತವರೂ ಈ ಒಂದು ಸುಳಿಗೆ ಹೆದರುತ್ತಿದ್ದರು.

ಇಷ್ಟೆಲ್ಲ ತಿಳಿದ ಅಬ್ಬಾ ಒಂದು ದಿನ ಮೈಸೂರಿಗೆ ಹೋಗಿ ಕಣ್ಣೀರು ಸುಳಿಯ ಗಂಡು ಕುದುರೆಯನ್ನೇ ತಂದರು.

ಅದು ರೇಸಿನ ಕುದುರೆ. ಮುಂಗಾಲಿಗೆ ಪೆಟ್ಟಾಗಿ ಓಡಲಾರದ್ದಾಗಿತ್ತು. ಅಲ್ಲಿ ಲಾಯದಲ್ಲಿ ಕೆಲಸಕ್ಕಿದ್ದ ನಮ್ಮ ನೆಂಟರೊಬ್ಬರು, "ಬೀಜಕ್ಕೆ ಇಟ್ಟುಕೊಳ್ಳಿ, ನಿಮ್ಮ ಕಡೆಯ ಗಿಡ್ಡ ಹೆಣ್ಣು ಕುದುರೆಗಳಿಗೆ ಕೊಡಿಸಿದರೆ ಎಂಥಾ ಮರಿ ಬೀಳ್ತವೆ ನೋಡಿ" ಎಂದು ಹೇಳಿ ಕಳಿಸಿದ್ದರು. ಅಬ್ಬಾ ಹೋಗಿ ನೋಡಿ, ಸುಳಿ ಕಂಡು, ಬೇಡ ಎಂದು ಬಸ್‌ಸ್ಟ್ಯಾಂಡಿನವರೆಗೆ ಬಂದವರು ಮತ್ತೆ ತಿರುಗಿ ಹೋದರು. ಮೂರು ದಿನ ನಡೆಸಿಕೊಂಡೇ ಗುಂಡ್ಲುಪೇಟೆಗೆ ಕರೆತಂದರು. ಅಮ್ಮಿ ಬಾಗಿಲಲ್ಲೇ ಅದರ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಮಗೆ ಕಣ್ಣು ಇರಲಿಲ್ವಾ?"

"ಇತ್ತು. ಅದಕ್ಕೂ ಇತ್ತು. ಅದು ನನ್ನನ್ನು ನೋಡ್ತು" ಎಂದರು ಅಬ್ಬಾ.

ಇದಕ್ಕೆ ಏನು ಹೇಳುತ್ತೀರಿ? ಅಮ್ಮಿ ಕುದುರೆಗೆ ಹುರುಳಿ ಬೇಯಲಿಟ್ಟಳು.

ಕುದುರೆಯ ಜೊತೆ ಒಂದು ಕಾಗದ ಬಂದಿತ್ತು. ಇಂಗ್ಲಿಷಿನಲ್ಲಿ ಅದರ ವಂಶಾವಳಿ. ಅಪ್ಪ, ಅಪ್ಪನ ಅಪ್ಪ, ಅಮ್ಮನ ಅಪ್ಪ, ಹೀಗೆ ಐದು ತಲೆಮಾರು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವಳು ಏಳನೇ ಕ್ಲಾಸಿನ ನಾನೊಬ್ಬಳೇ. ಸಂಜೆ ಅಬ್ಬಾ ಕುದುರೆಯ ಮೈ ಉಜ್ಜುವಾಗ ನಾನು ಮಗ್ಗಿ ಹೇಳುವ ಹಾಗೆ ರಾಗವಾಗಿ ಓದಬೇಕು. ಉಚ್ಚಾರ ದೇವರಿಗೇ ಪ್ರೀತಿ. ಕುದುರೆಗೆ ಅದರ ಅಜ್ಜಂದಿರ ಹೆಸರು ಕೇಳಿದರೆ ಹುರುಪು ಬರುತ್ತದೆ ಎಂದು ಅಬ್ಬಾ ನಂಬಿದ್ದರು. ನಮ್ಮದೇ ಮುತ್ತಜ್ಜನ ಹೆಸರೇನು ಎಂದು ಒಮ್ಮೆ ಕೇಳಿದೆ. ಅಬ್ಬಾ ಬ್ರಷ್ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿ, "ಕೊಳ್ಳೇಗಾಲದಿಂದ ಬಂದರು ಅಂತ ಗೊತ್ತು" ಎಂದರು. ಕುದುರೆಗೆ ಕಾಗದದಲ್ಲಿ ಏನೋ ಉದ್ದದ ಹೆಸರಿತ್ತು. ನಾವು ಬಾದಷಾ ಅನ್ನುತ್ತಿದ್ದೆವು.

ಕಾಗದದ ಹಿಂದುಗಡೆ ಕುದುರೆಯ ಚಿತ್ರದ ಗೆರೆ ಎಳೆದು ಅಲ್ಲಲ್ಲಿ ಸಣ್ಣ ಇಂಟು ಗುರುತು ಹಾಕಿದ್ದರು. ನಾನು ಮೊದಲು, ಪಾಪ, ಇಷ್ಟು ಕಡೆ ತಪ್ಪು ಹಾಕಿದ್ದಾರಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಅವು ಸುಳಿಗಳಿರುವ ಜಾಗ. ಕುದುರೆ ಅದಲುಬದಲಾಗದಿರಲಿ ಎಂದು ಗುರುತಿಗೆ ಬರೆದಿಡುತ್ತಾರಂತೆ, ಶಾಲೆಯ ಸರ್ಟಿಫಿಕೇಟಿನಲ್ಲಿ ನನ್ನ ಗಲ್ಲದ ಮಚ್ಚೆ ಬರೆದ ಹಾಗೆ. "ಅಲ್ಲಿ ಬರೀ ಗುರುತು, ನಮಗೆ ಹಣೆಬರಹ" ಎಂದು ಅಬ್ಬಾ ನಕ್ಕರು. ಆದರೆ ಕಣ್ಣ ಕೆಳಗಿನ ಇಂಟನ್ನು ಮುಚ್ಚಬೇಕಲ್ಲ, ಬಂದವರು ಕಾಗದ ನೋಡುತ್ತಾರೆ. ನಾನೇ ಉಪಾಯ ಮಾಡಿ ಒಂದು ಅಂಚೆಚೀಟಿ ಅಂಟಿಸಿದೆ. ಅದರಲ್ಲಿ ಟ್ರ್ಯಾಕ್ಟರಿನ ಚಿತ್ರವಿತ್ತು. ಬಾದಷಾನಿಗೆ ಕಾಗದದ ಮೇಲೆ ಮುಖದ ಬದಲು ಟ್ರ್ಯಾಕ್ಟರು ಬಂತು. ಜನ ಅದನ್ನು ನೋಡಿ, "ಸರ್ಕಾರದ ಸ್ಟ್ಯಾಂಪೇ ಬಿದ್ದದೆ" ಎಂದು ಇನ್ನಷ್ಟು ನಂಬಿದರು.

ನಿಜವಾದ ಮುಖಕ್ಕೆ ಅಬ್ಬಾ ಅಗಲವಾದ ಚರ್ಮದ ಪಟ್ಟಿ ಹೊಲಿದರು. ಹಿತ್ತಾಳೆಯ ಗುಂಡಿ ಬಡಿದು, ಕೆಂಪು ಕುಚ್ಚು ಕಟ್ಟಿ, ಶೋಕಿಗೆ ಹಾಕಿದ್ದಾರೆ ಅನ್ನಿಸುವ ಹಾಗೆ ಮಾಡಿದರು. ಬಾದಷಾ ಆ ಪಟ್ಟಿಯಿಲ್ಲದೆ ಹೊರಗಿನವರ ಎದುರು ನಿಲ್ಲುವಂತಿಲ್ಲ. ನಮಗೆಲ್ಲ ಕಟ್ಟಪ್ಪಣೆಯಾಯಿತು. ಊರಿಗೆಲ್ಲ ಸುಳಿ ಹೇಳುವವನ ಮನೆಯಲ್ಲೇ ಸುಳಿ ಮುಚ್ಚಿಟ್ಟಿದ್ದೇವೆ ಎಂಬುದು ನನಗೆ ಆಗ ತಪ್ಪಾಗಿ ಕಾಣಲಿಲ್ಲ. ಗುಟ್ಟು ಕಾಯುವುದೇ ಒಂದು ಖುಷಿಯಾಗಿತ್ತು.

ಮಾದಪ್ಪ ಮರಿ ಕೇಳಿಕೊಂಡು ಬಂದದ್ದು ಆಗ. ತೆರಕಣಾಂಬಿಯ ಕಡೆಯಿಂದ ಒಂಟಿ ಕುದುರೆ ಗಾಡಿಯಲ್ಲಿ ಟೊಮೆಟೊ, ಈರುಳ್ಳಿ ಹೇರಿಕೊಂಡು ಬಂದು, ಮಾರ್ಕೆಟ್ಟು ಮುಗಿಸಿ ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಗಾಡಿ ಬಿಟ್ಟು ಅಬ್ಬಾನ ಜೊತೆ ಬೀಡಿ ಸೇದುತ್ತಿದ್ದರು. ಇಬ್ಬರದೂ ಹಳೆಯ ಸ್ನೇಹ. ಅವರ ಹೆಣ್ಣು ಕುದುರೆಯ ಹೆಸರು ಗೌರಿ.

"ಸಾಬ್ರೇ, ನಮ್ ಗೌರಿ ಬೆದೆಗ್ ಬಂದದೆ. ನಿಮ್ ಬಾದಷಾನ ಬುಡಿಸ್ಕೊಡಿ. ನಮ್ ಸಾಕಮ್ಮಂಗೆ ಎತ್ತರದ್ ಮರಿ ಬೇಕಂತೆ ಕಣಪ್ಪ, ಒಂದೇ ಅಟ ಇಡ್ದವ್ಳೆ."

ಸಾಕಮ್ಮ ಅವರ ಹೆಂಡತಿ. ಅಬ್ಬಾ ಅವತ್ತು ಹಿಂದೆಮುಂದೆ ನೋಡಿದ್ದನ್ನು ನಾನು ಕಂಡಿದ್ದೇನೆ. "ಇನ್ನೊಂದು ಸಲ ನೋಡೋಣ ಮಾದಪ್ಪಣ್ಣ" ಎಂದರು. "ಏಯ್, ಬುಡಿ ಸಾಬ್ರೇ, ನೀವ್ ಸಾಕಿರೋ ಕುದ್ರೇಲಿ ಏನ್ ನೋಡದು" ಎಂದು ಮಾದಪ್ಪ ಹಗ್ಗ ಬಿಚ್ಚಿಯೇಬಿಟ್ಟರು. ಹೆಣ್ಣುಮಕ್ಕಳನ್ನೆಲ್ಲ ಒಳಗೆ ಕೂಡಿ ಕದ ಹಾಕಿದರು. ಆಮೇಲೆ ಹೊರಗೆ ಗಂಡಸರ ಗದ್ದಲ ಮಾತ್ರ ಕೇಳಿಸಿತು.

ಆ ವರ್ಷ ಬಂದ ನಾಲ್ಕು ಕುದುರೆಗಳಲ್ಲಿ ಗಬ್ಬ ನಿಂತದ್ದು ಗೌರಿಗೊಬ್ಬಳಿಗೇ. ಹನ್ನೊಂದು ತಿಂಗಳು ಅಬ್ಬಾ ದಿನ ಎಣಿಸಿದರು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿ ಇಳಿಯುವ ಕಾಲದಲ್ಲಿ ಮರಿ ಬಿತ್ತು. ಗಂಡು. ಬಾದಷಾನ ಬಣ್ಣ, ಉದ್ದುದ್ದ ಕಾಲು. ಅಬ್ಬಾ ಬೆಲ್ಲ, ಹುರುಳಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ನೋಡಲು ಹೋದರು. ಮೊದಲು ತಡವಿದ್ದು ಮರಿಯ ಕಣ್ಣ ಕೆಳಗೆ. ಅಲ್ಲಿ ಏನೂ ಇರಲಿಲ್ಲ. ಅಬ್ಬಾ ಎದ್ದು ಗೋಡೆಗೆ ತಿರುಗಿ ನಿಂತು ಕಣ್ಣೊರೆಸಿಕೊಂಡರು. ಸಾಕಮ್ಮ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಹಳ ಸಣ್ಣಗಾಗಿದ್ದರು. ನನಗೆ ಹುರಿಗಡಲೆ ಕೊಟ್ಟು, "ನೋಡಮ್ಮಿ, ನಿಮ್ ಬಾದಷಾನ ಮೊಮ್ಮಗನಂಗವ್ನೆ" ಎಂದು ನಕ್ಕರು. ಮಗ ಎಂದು ನಾನು ತಿದ್ದಿದೆ. ಆಗಲೇ ಟೀಚರಮ್ಮನ ಬುದ್ಧಿ.

ಎರಡು ತಿಂಗಳಲ್ಲಿ ಸಾಕಮ್ಮ ತೀರಿಕೊಂಡರು.

ಮಣ್ಣಿಗೆ ಹೋಗಿ ಬರುವಾಗ ಜಟಕಾದಲ್ಲಿ ಅಬ್ಬಾ ಮತ್ತು ನಾನು ಇಬ್ಬರೇ. ಊರು ಹತ್ತಿರ ಬಂದಾಗ ನಾನು ಕೇಳಿದೆ, "ಅಬ್ಬಾ, ಸುಳಿಯಿಂದಲೇ ಆಗಿದ್ದಲ್ವಾ?"

ಅವರಿಗೂ ಅದೇ ಯೋಚನೆ ಇತ್ತು ಎಂದು ಈಗ ಗೊತ್ತು. ಆದರೂ ಆ ಮಾತನ್ನು ಬಾಯಿಗೆ ತಂದವಳು ನಾನು. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಯಾವ ಮಗುವಿನ ಮಾತು ಎಲ್ಲಿ ಹೋಗಿ ನಾಟುತ್ತದೆ ಎಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಅಬ್ಬಾ ಲಗಾಮು ಸಡಿಲ ಬಿಟ್ಟರು, ಕುದುರೆ ತಾನೇ ಮನೆಗೆ ಬಂತು.

ಮರುವಾರ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿದರು. ಬಾದಷಾನ ಬೀಜ ತೆಗೆಸಿ ಅಖ್ತಾ ಮಾಡಿಸುವುದು ಎಂದು ತೀರ್ಮಾನವಾಗಿತ್ತು. ಡಾಕ್ಟರು ಕಾಗದ ನೋಡಿ, "ಸಾಬ್ರೇ, ಈ ತಾಲ್ಲೂಕಿನಲ್ಲಿ ಇಂಥ ತಳಿ ಇನ್ನೊಂದಿಲ್ಲ. ಹುಚ್ಚೇನ್ರೀ ನಿಮಗೆ?" ಎಂದು ಬೈದರು. ಅಬ್ಬಾ ಕೈಮುಗಿದರು. ಹಿಂದಿನ ಸಂಜೆ ಮೈ ಉಜ್ಜುತ್ತ, "ಓದು ಬೇಟಾ" ಎಂದಿದ್ದರು. ನಾನು ಮೇಲಿನಿಂದ ಕೆಳಗಿನವರೆಗೆ ಐದು ತಲೆಮಾರನ್ನೂ ರಾಗವಾಗಿ ಓದಿದೆ. ಮಾರನೆಯ ದಿನ ಏನು ನಡೆಯುತ್ತದೆ ಎಂದು ಗೊತ್ತಿದ್ದೂ ಓದಿದೆ. ಬಾದಷಾ ಕಿವಿ ನಿಮಿರಿಸಿ ಕೇಳುತ್ತಿತ್ತು.

ಮತ್ತಷ್ಟು ತಿಂಗಳ ಮೇಲೆ ಮಾದಪ್ಪ ಗೌರಿಯನ್ನು ಹೊಡೆದುಕೊಂಡು ಬಂದರು. ಸಾಕಮ್ಮ ಸತ್ತ ಮೇಲೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. "ಇನ್ನೊಂದು ಮರಿ ಆಗ್ಲಿ ಸಾಬ್ರೇ" ಎಂದರು. ಅಬ್ಬಾ ನೆಲ ನೋಡುತ್ತ, "ಅಖ್ತಾ ಮಾಡಿಸಿಬಿಟ್ಟೆ ಮಾದಪ್ಪಣ್ಣ" ಎಂದರು. ಯಾಕೆ ಎಂದು ಹೇಳಲಿಲ್ಲ. ಮಾದಪ್ಪ ಬಾದಷಾನನ್ನು ನೋಡಿದರು, ಅಬ್ಬಾನನ್ನು ನೋಡಿದರು. ಅಮ್ಮಿ ಟೀ ತರುವಷ್ಟರಲ್ಲಿ ಗೌರಿಯನ್ನು ತಿರುಗಿಸಿಕೊಂಡು ಹೊರಟುಹೋಗಿದ್ದರು. ಆಮೇಲೆ ಹೊಂಗೆ ಮರದ ಕೆಳಗೆ ಅವರ ಗಾಡಿ ನಿಲ್ಲಲಿಲ್ಲ. ಮಾರ್ಕೆಟ್ಟಿನ ಆಚೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದರಂತೆ.

"ಗೊತ್ತಾಗಿಬಿಟ್ಟಿದೆ ಅವನಿಗೆ" ಎಂದರು ಅಬ್ಬಾ.

ಅಲ್ಲಿಂದ ಮುಂದೆ ಅಬ್ಬಾ ಯಾರಿಗೂ ಸುಳಿ ನೋಡಿ ಹೇಳಲಿಲ್ಲ. ಕರೆಯಲು ಬಂದವರಿಗೆ ಕಣ್ಣು ಮಂಜಾಗಿದೆ ಎಂದು ಸುಳ್ಳು ಹೇಳುತ್ತಿದ್ದರು. ಬಾದಷಾ ಜಟಕಾಕ್ಕೆ ಹೊಂದಿಕೊಂಡು, ದಪ್ಪಗಾಗಿ, ಸಾಧುವಾಗಿ, ಆಟೋಗಳ ನಡುವೆ ಕೆಲವು ವರ್ಷ ದುಡಿದು ಸತ್ತಿತು. ಅಬ್ಬಾ ಹೋಗಿ ಈಗ ಒಂಬತ್ತು ವರ್ಷ. ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕರೆದು, "ಆ ಹೆಣ್ಣುಮಗಳು ನಿನಗೆ ಹುರಿಗಡಲೆ ಕೊಟ್ಟಿದ್ದಳು" ಎಂದಿದ್ದರು.

ಮದುವೆ ಮುಗಿದ ಮೂರನೇ ದಿನ ನಾನು ತೆರಕಣಾಂಬಿಯ ಬಸ್ಸು ಹತ್ತಿದೆ. ಅಬ್ಬಾ ಕೇಳಲಾರದೆ ಹೋದ ಕ್ಷಮೆಯನ್ನು ನಾನಾದರೂ ಕೇಳಬೇಕಿತ್ತು. ಆ ಮುದುಕರು ಬೈದು ಅಟ್ಟಿದರೆ ಅಟ್ಟಲಿ.

ಮಾದಪ್ಪ ಮನೆಯ ಮುಂದೆ ಅರಿಸಿನದ ಗೆಡ್ಡೆ ಹರಡಿ ಕಾಗೆ ಓಡಿಸುತ್ತ ಕೂತಿದ್ದರು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರ ಹತ್ತಿರ ಬಾಯಿಟ್ಟು ಕೂಗಬೇಕು. "ನಾನು ಗುಂಡ್ಲುಪೇಟೆ ಬಾಷಾ ಸಾಬರ ಮಗಳು ಜಮೀಲಾ" ಎಂದು ಕೂಗಿದೆ. ಅವರು ನನ್ನ ಮುಖವನ್ನು ಕುದುರೆ ನೋಡಿದ ಹಾಗೆ ನೋಡಿ, "ಕೂತ್ಕೊ ಮಗ" ಎಂದರು.

ಗುಟ್ಟನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತರು. ಪಟ್ಟಿ ಹೊಲಿದದ್ದು, ಅಂಚೆಚೀಟಿ ಅಂಟಿಸಿದ್ದು, ಸಾಕಮ್ಮ ಹೋದ ಮೇಲೆ ಅಬ್ಬಾ ಆ ಪಾಪವನ್ನು ತಲೆಯ ಮೇಲೆ ಹೊತ್ತುಕೊಂಡೇ ತೀರಿಹೋದದ್ದು, ನಾನು ಗಾಡಿಯಲ್ಲಿ ಆಡಿದ ಮಾತು, ಎಲ್ಲವನ್ನೂ ಕೂಗಿದೆ. "ನಮ್ಮನ್ನು ಕ್ಷಮಿಸಿಬಿಡಿ" ಎಂದು ಅವರ ಕಾಲು ಮುಟ್ಟಿದೆ.

ಮಾದಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಸುಳಿ ಇದ್ದದ್ದು ನಂಗೊತ್ತಿಲ್ವ ಮಗ? ಮೊದುಲ್ನೇ ದಿನ್ವೇ ನೋಡ್ದೆ. ತೊಟ್ಟೀಲಿ ನೀರ್ ಕುಡಿಯಾಗ ಪಟ್ಟಿ ಮ್ಯಾಕೆ ಸರೀತು, ಕಂಡ್ಬುಡ್ತು. ನಿಮ್ಮಪ್ಪ ಅಷ್ಟ್ ಪಾಡ್ ಪಟ್ಟು ಮುಚ್ಚವ್ನೆ, ನಾ ಕಂಡೆ ಅಂದ್ರೆ ನಾಚ್ಕತನೆ ಅಂತ ಬಾಯ್ ಬುಡ್ನಿಲ್ಲ."

"ಗೊತ್ತಿದ್ದೂ ಗೌರಿನ ತಂದಿರಾ?"

"ಇನ್ನೇನ್ ಮಾಡ್ನಿ? ಸಾಕಮ್ಮನ್ ಒಟ್ಟೇಲಿ ಗೆಡ್ಡೆ ಅದೆ, ಒಂದ್ ವರ್ಸ ಉಳದ್ರೆ ಎಚ್ಚು ಅಂತ ಮೈಸೂರಲ್ಲಿ ಡಾಕುಟ್ರು ಮೊದ್ಲೇ ಏಳಿದ್ರು. ಯಾರ್ಗೂ ಏಳ್ಬ್ಯಾಡ ಅಂದ್ಬುಟ್ಟಿದ್ಲು. ಕಣ್ಮುಚ್ಚಕ್ ಮುಂಚೆ ಎತ್ತರದ್ದೊಂದು ಮರಿ ನೋಡ್ಬೇಕು ಅಂತಿದ್ಲು. ಸಾಯೋಳು ಸಾಯೋಳೇ. ನಂಗ್ಯಾಕ್ ಸುಳಿ ಭಯ? ಆ ಮರಿ ಕಾಣೋಗಂಟ ಅವ್ಳು ಉಸ್ರು ಇಡ್ಕಂಡಿದ್ಲು ಕಣವ್ವ."

ನಾನು ಮತ್ತೆ ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದೆ. "ಮತ್ತೆ ಅವತ್ತು ಯಾಕೆ ಹಾಗೆ ಎದ್ದು ಹೋದಿರಿ? ಆಮೇಲೆ ಯಾಕೆ ಬರಲೇ ಇಲ್ಲ?"

ಅವರು ಅರಿಸಿನದ ಕೈಯಲ್ಲೇ ಕಣ್ಣೊರೆಸಿಕೊಂಡರು. ಕೆನ್ನೆಯೆಲ್ಲ ಹಳದಿಯಾಯಿತು.

"ನಾನೇನಂದ್ಕಂಡೆ ಗೊತ್ತಾ ಮಗ? ಸಾವಾದ್ ಮನೆ ನಂದು, ನನ್ ಕುದ್ರೆಯ ಸೇರುಸ್ಬಾರ್ದು ಅಂತ, ಅದ್ನ ಬಾಯ್ಬುಟ್ಟು ಏಳ್ನಾರ್ದೆ ನಿಮ್ಮಪ್ಪ ಆ ರತ್ನದಂತ ಕುದ್ರೆಯ ಬೀಜ ತೆಗಿಸ್ಬುಟ್ಟ ಅಂದ್ಕಂಡೆ. ಅಷ್ಟು ಅನಿಷ್ಟ ಆಗೋದ್ನಾ ನಾನು ಅಂತ ಒಟ್ಟೆ ಉರೀತು. ಅದುಕ್ಕೇ ಆಚೆ ಬಾಗಲ್ಗೆ ಗಾಡಿ ಬುಟ್ಟೆ."

ಬಾದಷಾನ ಆ ಮರಿ ಏನಾಯಿತು ಎಂದು ಕೇಳಿದೆ. ಗಾಡಿಗೆ ಕಟ್ಟಲು ಅದನ್ನೂ ಅಖ್ತಾ ಮಾಡಿಸಿದೆ ಎಂದರು. ಅಲ್ಲಿಗೆ ಐದು ತಲೆಮಾರಿನ ಆ ವಂಶ ಮುಗಿದುಹೋಯಿತು. ಇಬ್ಬರೂ ಒಳ್ಳೆಯವರು. ಒಬ್ಬರ ಮನಸ್ಸಿಗೆ ನೋವಾಗದಿರಲೆಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡರು. ಒಬ್ಬ ಕೆಟ್ಟವನಾಗಿದ್ದರೂ ಬೈದಾಡಿಕೊಂಡು ಆವತ್ತೇ ಸರಿಹೋಗುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ತಡೆಯಲಾರದಷ್ಟು ಸಂಕಟವಾಗುತ್ತದೆ. ನಾನು ಅವರ ಅಂಗಳದಲ್ಲಿ ಮಕ್ಕಳಂತೆ ಅತ್ತೆ.

"ಎಲ್ ಮಡಗಿದ್ದರಿ ನಿಮ್ಮಪ್ಪನ?" ಎಂದು ಮಾದಪ್ಪ ಕೇಳಿದರು. ಗುಂಡ್ಲುಪೇಟೆಯಲ್ಲೇ ಎಂದೆ. ಒಳಗೆ ಹೋಗಿ ತೊಳೆದ ಶರ್ಟು ಹಾಕಿಕೊಂಡು, ತಲೆಗೆ ಟವಲು ಸುತ್ತಿಕೊಂಡು ಬಂದರು. "ನಡಿ, ಓಗನ."

ಖಬರಸ್ತಾನದ ಒಳಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ನಾನು ಗೇಟಿನಲ್ಲೇ ನಿಂತು, ಬೇವಿನ ಮರದಿಂದ ಮೂರನೆಯದು ಎಂದು ಬೆರಳು ತೋರಿಸಿದೆ. ಮಾದಪ್ಪ ಚಪ್ಪಲಿ ಬಿಟ್ಟು, ಕೋಲು ಊರಿಕೊಂಡು ಹೋಗಿ ನಿಂತರು. ಕಿವಿ ಕೇಳಿಸದವರಿಗೆ ತಮ್ಮ ದನಿ ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಅವರು ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು ಹೇಳಿದ್ದು ನನಗೆ ಮಾತ್ರವಲ್ಲ, ರಸ್ತೆಯ ಟೀ ಅಂಗಡಿಯವರಿಗೂ ಕೇಳಿಸಿತು.

"ಸಾಬ್ರೇ, ನಾ ನೋಡಿದ್ದೆ ಕಣಪ್ಪ. ನೋಡೇ ತಂದಿದ್ದೆ."

ಅಷ್ಟು ಹೇಳಿ ಅವರು ಗೋರಿಯ ಕಡೆಗೆ ಬಗ್ಗಿ, ಕೇಳಿಸುವ ಕಿವಿಯನ್ನು ಅತ್ತ ತಿರುಗಿಸಿಕೊಂಡು ನಿಂತರು.